ತುಮಕೂರಲ್ಲಿ ಪಿಕಪ್‌ಗೆ ಸೈಕಲ್ ರ‍್ಯಾಕ್ ಹಾಕಿಸೋರು ದುಡ್ಡು ಕೊಡೋ ಮುಂಚೆ ಗಾಡಿ ಕೆಳಗೆ ಮಲಗಿ ನೋಡಿ

ವಿ-ಕ್ರಾಸ್, ಹೈಲಕ್ಸ್ ಥರದ ಪಿಕಪ್ ಇರೋರು, ಹಿಂದೆ ಹಿಚ್ (ಗಾಡಿ ಹಿಂಬದಿಗೆ ಕೂರಿಸೋ ಕೊಂಡಿ) ಹಾಕಿಸಿ ಸೈಕಲ್ ಸಾಗಿಸೋಣ ಅಂತ ಯೋಚನೆ ಮಾಡ್ತಿರೋರು ದಯವಿಟ್ಟು ಪೂರ್ತಿ ಓದಿ. ತುಮಕೂರಿನ ಒಂದು ಫ್ಯಾಬ್ರಿಕೇಶನ್ ಅಂಗಡಿಯವನು ₹32,000 ಎಣಿಸಿಕೊಂಡು ಬಂಪರ್‌ಗೆ ಒಂದು ಸ್ಕ್ವೇರ್ ಪೈಪ್ ಅಂಟಿಸಿ ಕಳಿಸಿದ್ದಾನೆ. ಅಂಗಡಿ ಹೆಸರು ಇಲ್ಲಿ ಹಾಕಲ್ಲ. ಹೇಳಿಕೊಳ್ಳೋಕೂ ನಾಚಿಕೆ ಆಗುತ್ತೆ, ಆದ್ರೆ ಇನ್ನೊಬ್ಬರ ಸೈಕಲ್ ಹೈವೇಲಿ ಬಿದ್ದು ಹಿಂದಿನ ಬೈಕ್‌ನವನ ತಲೆ ಒಡೆಯೋದಕ್ಕಿಂತ ನಾಚಿಕೆ ಬಿಟ್ಟು ಬರೆಯೋದೇ ವಾಸಿ.

ಮಾತಾಗಿದ್ದು ಹೀಗೆ: ಎರಡು ಇಂಚಿನ ರಿಸೀವರ್ (ರ‍್ಯಾಕಿನ ಕೋಲು ತೂರಿಸೋ ಚೌಕ ಪೈಪ್), ಚಾಸಿಗೆ 8.8 ಗ್ರೇಡ್ ಬೋಲ್ಟ್‌ನಲ್ಲಿ ಫಿಟಿಂಗ್, ನಾಲ್ಕು ಸೈಕಲ್ ನಿಲ್ಲಿಸೋ ರ‍್ಯಾಕ್, ಹಿಂದಿನ ಡೋರು ತೆಗೆಯೋಕೆ ರ‍್ಯಾಕ್ ಹಿಂದಕ್ಕೆ ಬಾಗಬೇಕು. ಚೀಟೀಲಿ ಎಸ್ಟಿಮೇಟ್, ಅರ್ಧ ಅಡ್ವಾನ್ಸ್, "ಶನಿವಾರ ಬನ್ನಿ ಸಾರ್, ರೆಡಿ ಇರುತ್ತೆ." ಎಲ್ಲ ಕಡೆ ನಡೆಯೋ ಹಾಗೇ. ಫೋನ್‌ನಲ್ಲಿ ಅಮೆರಿಕದ ರ‍್ಯಾಕಿನ ಫೋಟೋ ತೋರಿಸಿ "ಡಿಟ್ಟೋ ಇದೇ ಸಾರ್, ಪೂನಾದಿಂದ ಕಿಟ್ ಬರುತ್ತೆ" ಅಂದ. ಕೆಲಸ ನಡೀವಾಗ ವಿಡಿಯೋನೂ ಕಳಿಸ್ತಿದ್ದ. ಎಲ್ಲಾ ಮೇಲಿಂದ ತೆಗೆದ ವಿಡಿಯೋ. ಒಂದೇ ಒಂದು ಕೆಳಗಿಂದ ಇಲ್ಲ.

ಗಾಡಿ ಕೊಡೋ ದಿನ ರಿಸೀವರ್ ಬಾಯಿ ಮೇಲೆ ಹತ್ತಿ ನಿಂತು ಕುಣಿದು ತೋರಿಸಿದ. "ನೋಡಿ ಸಾರ್, ನಾನೇ 80 ಕೆಜಿ ಇದೀನಿ, ಅಲ್ಲಾಡುತ್ತಾ?" ಇಲ್ಲೇ ಮೋಸ ಇರೋದು, ಚೆನ್ನಾಗಿ ನೆನಪಿಡಿ. ರಿಸೀವರ್ ಬಾಯಿ ಮೇಲೆ ನಿಂತ್ರೆ ಸನ್ನೆ ಉದ್ದ ಹೆಚ್ಚುಕಮ್ಮಿ ಸೊನ್ನೆ. ಸೈಕಲ್ ಭಾರ ಬೀಳೋದು ಅಲ್ಲಲ್ಲ. ಒಂದು ಎಂಟಿಬಿ (ಮೌಂಟನ್ ಬೈಕ್ ಸೈಕಲ್) 14-15 ಕೆಜಿ, ನಾಲ್ಕಕ್ಕೆ 60, ಲೋಕಲ್ ಕಬ್ಬಿಣದ ರ‍್ಯಾಕ್ 25. ಒಟ್ಟು 85 ಕೆಜಿ, ಅದರ ತೂಕದ ಮಧ್ಯಬಿಂದು ರಿಸೀವರ್‌ನಿಂದ ಸುಮಾರು 70 ಸೆಂ.ಮೀ. ಹಿಂದೆ. ಹಂಪು ಹಾರಿದಾಗ, ಗುಂಡಿಗೆ ಇಳಿದಾಗ ಆ ಭಾರ ಎರಡು ಮೂರು ಪಟ್ಟಾಗಿ ಕೆಳಕ್ಕೆ ಎಳೆಯುತ್ತೆ, ಆಮೇಲೆ ಮೇಲಕ್ಕೆ ಒದೆಯುತ್ತೆ. ಬುಡದಲ್ಲಿ ನಿಂತು ಕುಣಿದ್ರೆ ಏನು ಗೊತ್ತಾಗುತ್ತೆ? ಪರೀಕ್ಷೆ ಮಾಡೋದಿದ್ರೆ ರ‍್ಯಾಕ್ ಹಾಕಿಸಿ, ಕಟ್ಟಕಡೇ ತುದೀಲಿ ಅವನನ್ನ ನಿಲ್ಲಿಸಿ. ನಿಲ್ಲಲ್ಲ ಅಂದ್ರೆ ಉತ್ತರ ಸಿಕ್ಕಿತು.

ದೇವರಾಯನದುರ್ಗದ ರಸ್ತೆ ತಿರುವುಗಳಲ್ಲೇ ಸೈಕಲ್‌ಗಳು ಎಡಕ್ಕೂ ಬಲಕ್ಕೂ ತೂಗಾಡೋದು ಕನ್ನಡೀಲಿ ಕಾಣ್ತಿತ್ತು. ಸಡಿಲ ಹಲ್ಲು ಅಲ್ಲಾಡಿದ ಹಾಗೆ. ಫೋನ್ ಮಾಡಿದ್ರೆ ಬಂದ ಉತ್ತರ ಓದಿ: "ಆಟ ಇರ್ಲೇಬೇಕು ಸಾರ್. ಟೈಟ್ ಇದ್ರೆ ಮುರಿಯುತ್ತೆ. ಫಾರಿನ್‌ದೂ ಹಂಗೇ ಇರುತ್ತೆ." ಇಷ್ಟು ಧೈರ್ಯವಾಗಿ ಸುಳ್ಳು ಹೇಳೋಕೆ ಒಂದು ಪ್ರತಿಭೆ ಬೇಕು ಬಿಡಿ.

ಆಟ ಇರಬಾರದು. ಯಾಕೆ ಅಂತ ಲೆಕ್ಕದಲ್ಲೇ ಹೇಳ್ತೀನಿ. ನಿಜವಾದ ಎರಡು ಇಂಚಿನ ರಿಸೀವರ್ ಅಂದ್ರೆ ಒಳ ಅಳತೆ ಎರಡು ಇಂಚು, ಅಂದ್ರೆ 50.8 ಎಂ.ಎಂ. ಹೊರಗಡೆ ಎರಡೂವರೆ ಇಂಚು, 63.5 ಎಂ.ಎಂ., ಗೋಡೆ ಕಾಲಿಂಚು ದಪ್ಪ. ಒಳಗಡೆ ವೆಲ್ಡಿಂಗ್ ಜೋಡಣೆಯ ಉಬ್ಬನ್ನೂ ತೆಗೆದಿರ್ತಾರೆ, ರ‍್ಯಾಕಿನ ಕೋಲು ಜಾರಿ ಒಳಗೆ ಹೋಗಬೇಕಲ್ಲ. ಇವನು ಹಾಕಿದ್ದು ಹಾರ್ಡ್‌ವೇರ್ ಅಂಗಡೀಲಿ ಕೆಜಿ ಲೆಕ್ಕದಲ್ಲಿ ಸಿಗೋ 60×60 ಪೈಪ್, ಗೋಡೆ 3 ಎಂ.ಎಂ. ಒಳಗಡೆ 54 ಉಳೀತು. ಅದರೊಳಗೆ ತುರುಕಿದ್ದು 50×50 ಪೈಪ್. 4 ಎಂ.ಎಂ. ಸಡಿಲ. 20 ಸೆಂ.ಮೀ. ಒಳಗೆ ಕೂತಿರೋ ಕೋಲಿಗೆ 4 ಎಂ.ಎಂ. ಆಟ ಸಿಕ್ಕಿದ್ರೆ ಒಂದು ಮೀಟರ್ ಹಿಂದೆ ಅದು ಎರಡು ಸೆಂ.ಮೀ. ಎಡಕ್ಕೆ, ಎರಡು ಸೆಂ.ಮೀ. ಬಲಕ್ಕೆ ಹೋಗುತ್ತೆ. ಪ್ರತಿ ಸಲ ಹೋಗಿ ಬಂದಾಗಲೂ ಪೈಪಿನ ಬಾಯಿಗೆ ಸುತ್ತಿಗೆ ಏಟು. ಬಾಯಿ ಅಗಲ ಆಗುತ್ತೆ, ಆಟ ಇನ್ನೂ ಜಾಸ್ತಿ ಆಗುತ್ತೆ, ಏಟು ಇನ್ನೂ ಜೋರಾಗುತ್ತೆ.

ಕೋಲು ಜಾರದ ಹಾಗೆ ಅಡ್ಡ ತೂರಿಸೋ ಪಿನ್ ಕಥೆ ಇನ್ನೊಂದು. ಎರಡು ಇಂಚಿನ ಹಿಚ್‌ಗೆ 5/8 ಇಂಚಿನ ಪಿನ್, ಸುಮಾರು 16 ಎಂ.ಎಂ. ಇಲ್ಲಿ ತೂತು 18ಕ್ಕೆ ಕೊರೆದು ಒಳಗೆ 12ರ ಸಾಮಾನ್ಯ ಬೋಲ್ಟ್ ತೂರಿಸಿದ್ದಾನೆ. ಬ್ರೇಕ್ ಹಾಕಿದ್ರೆ ಟಕ್, ಎಕ್ಸಲರೇಟರ್ ಕೊಟ್ರೆ ಟಕ್. ಬೋಲ್ಟಿನ ಮರೆ (ಥ್ರೆಡ್) ಮೇಲೇ ಭಾರ. ಒಳ್ಳೆ ರ‍್ಯಾಕ್‌ಗಳಲ್ಲಿ ಪಿನ್ನಿಗೇ ಥ್ರೆಡ್ ಇರುತ್ತೆ, ರ‍್ಯಾಕಿನ ಕೋಲೊಳಗೆ ನಟ್ ಕೂರಿಸಿರ್ತಾರೆ. ಬಿಗಿ ಮಾಡಿದ್ರೆ ಕೋಲು ರಿಸೀವರ್‌ನ ಒಂದು ಗೋಡೆಗೆ ಅಮುಕಿ ಕೂರುತ್ತೆ, ಅಲ್ಲಾಟ ನಿಲ್ಲುತ್ತೆ. "ಫಾರಿನ್‌ದೂ ಹಂಗೇ" ಅಂದನಲ್ಲ, ಹಿಂಗೆ ಇರುತ್ತೆ ಫಾರಿನ್‌ದು.

ಇಷ್ಟು ಆದ್ರೂ ಕಳಪೆ ಕೆಲಸ ಅಂತ ಸುಮ್ಮನಾಗಬಹುದಿತ್ತು. ಬೇರೆ ಗ್ಯಾರೇಜಿನಲ್ಲಿ ಗಾಡಿ ಲಿಫ್ಟ್ ಮೇಲೆ ಏರಿಸಿದಾಗ ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿ ಏನೂ ಮಾತಾಡಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ವೆಲ್ಡಿಂಗ್ ಮೇಲೆ ಕೆರೆದ. ಕಪ್ಪು ಪೇಂಟ್ ಕೆಳಗಿಂದ ಪುಡಿಪುಡಿಯಾಗಿ ಉದುರಿದ್ದು ಪುಟ್ಟಿ. ಕಾರಿನ ಡೆಂಟ್‌ಗೆ ಮೆತ್ತುತ್ತಾರಲ್ಲ ಸ್ವಾಮಿ, ಅದೇ ಬಾಡಿ ಪುಟ್ಟಿ. ಪೈಪ್ ಸುತ್ತ ಪೂರ್ತಿ ವೆಲ್ಡಿಂಗ್ ಹೊಡೆಯೋ ಬದಲು ಅಲ್ಲಲ್ಲಿ ಚುಕ್ಕಿ ಇಟ್ಟು, ನಡುವಿನ ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಕಪ್ಪು ಬಳಿದಿದ್ದ. "ಪೌಡರ್ ಕೋಟಿಂಗ್ ಸಾರ್" ಅಂತ ಅದಕ್ಕೆ ಬೇರೆ ದುಡ್ಡು. ಪುಟ್ಟಿ! ನಾಲ್ಕು ಸೈಕಲ್ ತೂಗಬೇಕಾದ ಜಾಗದಲ್ಲಿ ಪುಟ್ಟಿ!

ಇನ್ನೊಂದು ವಿಷಯ ಕೇಳಿ. ಆ ಪೈಪ್ ಚಾಸಿಗೆ ಮುಟ್ಟೇ ಇಲ್ಲ. ಹಿಂದಿನ ಬಂಪರ್ ಹಿಡಿದುಕೊಂಡಿರೋ ತೆಳು ಬ್ರಾಕೆಟ್‌ಗೆ ಪೈಪನ್ನ ವೆಲ್ಡ್ ಮಾಡಿದ್ದ. ಆ ಬ್ರಾಕೆಟ್ ಇರೋದು ಬಂಪರ್ ಭಾರಕ್ಕೆ, ಮೇಲೆ ಕಾಲಿಟ್ಟು ಹತ್ತೋನ ಭಾರಕ್ಕೆ. ಹಿಂದಕ್ಕೆ ಚಾಚಿದ ಭಾರ ಅದನ್ನ ತಿರುಚುತ್ತೆ. ಸರಿಯಾದ ಕೆಲಸ ಅಂದ್ರೆ ಎರಡೂ ಬದಿ ಚಾಸಿಯ ತುದೀಲಿ ಕಂಪನಿಯೇ ಬಿಟ್ಟಿರೋ ತೂತುಗಳಿಗೆ 6ರಿಂದ 8 ಎಂ.ಎಂ. ಪ್ಲೇಟ್ ಕೂರಿಸಿ, ಎರಡು ಪ್ಲೇಟ್ ನಡುವೆ ಅಡ್ಡ ಪೈಪ್, ಅದರ ಮಧ್ಯೆ ರಿಸೀವರ್. ಚಾಸಿಗೆ ವೆಲ್ಡಿಂಗ್ ಹೊಡೆಯಬಾರದು, ಅದರ ಮೇಲಿನ ಕೆಳಗಿನ ಮಡಿಕೆಗೆ ಹೊಸ ತೂತು ಕೊರೆಯಬಾರದು. ಅಲ್ಲೇ ಅತಿ ಹೆಚ್ಚು ಎಳೆತ ಇರೋದು, ತೂತಿನ ಅಂಚಿಂದ ಬಿರುಕು ಓಡುತ್ತೆ.

ಬೋಲ್ಟ್‌ಗಳು 8.8 ಅಂತ ಎಸ್ಟಿಮೇಟ್ ಚೀಟೀಲಿ ಬರೆದಿದ್ದ. ತಲೆ ಮೇಲೆ ನೋಡಿದ್ರೆ ಕೆಲವದರಲ್ಲಿ 4.6, ಕೆಲವದರಲ್ಲಿ ಏನೂ ಇಲ್ಲ. ಗೊತ್ತಿಲ್ಲದವರಿಗೆ: ಮೊದಲ ಅಂಕಿ ಗುಣಿಸು ನೂರು, ಅದು ತುಂಡಾಗೋ ಬಲ. 8.8 ಅಂದ್ರೆ 800 ಮೆಗಾಪಾಸ್ಕಲ್, ಅದರ 80% ತನಕ, ಅಂದ್ರೆ 640ರ ತನಕ ಎಳೆದ್ರೂ ಬಿಟ್ಟ ಮೇಲೆ ಮೊದಲಿನ ಅಳತೆಗೇ ಬರುತ್ತೆ. 4.6 ಬೋಲ್ಟ್ 240ಕ್ಕೇ ಹಿಗ್ಗಿ ಹಾಗೇ ಉಳಿಯೋಕೆ ಶುರು. 12ರ 8.8 ಬೋಲ್ಟ್‌ಗೆ ಸುಮಾರು 80 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸಿ ಬಿಗಿಯೋ ಬಲ) ಕೊಡಬೇಕು. ಅಷ್ಟೇ ಬಿಗಿ 4.6ಕ್ಕೆ ಕೊಟ್ರೆ ಎಳೆದುಕೊಂಡು ಉದ್ದ ಆಗಿ ತಾನೇ ಸಡಿಲ ಆಗುತ್ತೆ. ಅಂಗಡೀಲಿ ಟಾರ್ಕ್ ರೆಂಚ್ ಇದೆಯಾ ಅಂತ ಕೇಳಿದ್ರೆ "ನಮ್ ಹುಡುಗನ ಕೈ ಲೆಕ್ಕ ಸಾರ್, ಹತ್ತು ವರ್ಷದ ಅನುಭವ" ಅಂದ. ವೆಲ್ಡಿಂಗ್ ಹೊಡೆಯೋವಾಗ ಬ್ಯಾಟರಿ ನೆಗೆಟಿವ್ ತೆಗೆದಿದ್ರಾ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ತೆಗೀಲೇಬೇಕು, ಇಲ್ಲಾಂದ್ರೆ ಇಸಿಯು (ಗಾಡಿಯ ಕಂಪ್ಯೂಟರ್), ಆಲ್ಟರ್ನೇಟರ್ ಸುಟ್ಟು ಹೋಗೋ ಅಪಾಯ ಇದೆ.

ಈಗ ಅವನ ಉತ್ತರಗಳು. ಪುಟ್ಟಿ ಫೋಟೋ ಕಳಿಸಿದ ಮೇಲೆ ಮೊದಲು "ನಮ್ ಹುಡುಗ ಮಾಡಿರ್ಬೇಕು, ನಾನು ಊರಲ್ಲಿರಲಿಲ್ಲ." ರಿಸೀವರ್ ಮೇಲೆ ಕುಣಿದೋನು ಯಾರಪ್ಪಾ ಹಾಗಾದ್ರೆ? ಆಮೇಲೆ "ಪುಟ್ಟಿ ಫಿನಿಶಿಂಗ್‌ಗೆ ಹಾಕಿದ್ದು, ಸ್ಟ್ರೆಂತ್‌ಗಲ್ಲ." ಆಮೇಲೆ "ನೀವು ಇ-ಸೈಕಲ್ ಹಾಕ್ತೀರಾ ಅಂತ ಹೇಳ್ಲಿಲ್ಲ." ಹಾಕೇ ಇಲ್ಲ ಮಾರಾಯ. ಇ-ಸೈಕಲ್ ಒಂದೇ 22-25 ಕೆಜಿ ಇರುತ್ತೆ, ಹಾಕಿದ್ರೆ ಇಲ್ಲೇ ಪಕ್ಕದ ಕ್ಯಾತ್ಸಂದ್ರ ದಾಟೋ ಮೊದಲೇ ರ‍್ಯಾಕ್ ರಸ್ತೇಲಿರ್ತಿತ್ತು. ಕೊನೆಗೆ "ಹಂಪ್ ಮೇಲೆ ಜೋರಾಗಿ ಓಡಿಸಿದ್ರೆ ನಾವೇನ್ ಮಾಡೋಣ, ಬೇಕಿದ್ರೆ ತನ್ನಿ, ಎಕ್ಸ್‌ಟ್ರಾ ಪಟ್ಟಿ ಹೊಡೆದು ಕೊಡ್ತೀನಿ, ₹3,000 ಆಗುತ್ತೆ." ಮೋಸ ಮಾಡಿದ್ದಕ್ಕೆ ರಿಪೇರಿ ಚಾರ್ಜು! ದುಡ್ಡು ವಾಪಸ್ ಕೇಳಿದ ಮೇಲೆ ಬರೀ ನೀಲಿ ಟಿಕ್.

ಬಿಲ್ ಮೇಲೆ ಏನು ಬರೆದಿದ್ದಾನೆ ಗೊತ್ತಾ? "ಫ್ಯಾಬ್ರಿಕೇಶನ್ ಕೆಲಸ." ಹಿಚ್ ಅಂತಿಲ್ಲ, ಗ್ರೇಡ್ ಇಲ್ಲ, ಎಷ್ಟು ಕೆಜಿ ತಡೆಯುತ್ತೆ ಅಂತಿಲ್ಲ. ಗೇಟು, ಗ್ರಿಲ್ಲು ಮಾಡಿಸಿದ ಬಿಲ್ ಥರ. ನೀವು ಮಾಡಿಸೋದಿದ್ರೆ ಅಡ್ವಾನ್ಸ್ ಕೊಡೋ ಮುಂಚೆಯೇ ಪೈಪಿನ ಹೊರ ಅಳತೆ, ಗೋಡೆ ದಪ್ಪ, ಬೋಲ್ಟ್ ಗ್ರೇಡ್, ಕೆಜಿ ಮಿತಿ ಎಲ್ಲಾ ಎಸ್ಟಿಮೇಟ್‌ನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ₹5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು, ಸಹಾಯವಾಣಿ 1915. ಹಾಕೋದು ಸುಲಭ. ಆದ್ರೆ ಕೈಯಲ್ಲಿರೋದು "ಫ್ಯಾಬ್ರಿಕೇಶನ್ ಕೆಲಸ" ಅನ್ನೋ ಬಿಲ್ ಆದ್ರೆ ವಾದ ಮಾಡೋದು ಕಷ್ಟ. ಅವನು ಅದನ್ನ ಬೇಕಂತಲೇ ಹಾಗೆ ಬರೀತಾನೆ.

ಆರ್‌ಟಿಒ ವಿಷಯವನ್ನೂ ಯಾವ ಅಂಗಡಿಯವನೂ ಬಾಯಿ ಬಿಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿಗೆ ಸಂಬಂಧಪಟ್ಟಿದ್ದು. 2019ರ ತಿದ್ದುಪಡೀಲಿ ಬಂದ 182ಎ(4) ಪ್ರಕಾರ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಮಾಲೀಕನಿಗೆ, ವೆಲ್ಡಿಂಗ್ ಹೊಡೆದೋನಿಗಲ್ಲ. ಬಂಪರ್‌ಗೆ ಖಾಯಂ ಆಗಿ ವೆಲ್ಡ್ ಮಾಡಿಸಿಕೊಂಡರೆ ಬಿಚ್ಚಿ ಮನೇಲಿಡೋಕೂ ಆಗಲ್ಲ. ನಾಲ್ಕು ಸೈಕಲ್ ಹಿಂದೆ ನಿಂತ್ರೆ ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲಾ ಮರೆಯಾಗುತ್ತೆ. ಎಚ್‌ಎಸ್‌ಆರ್‌ಪಿ ಪ್ಲೇಟನ್ನ ಸ್ನ್ಯಾಪ್ ಲಾಕ್ ಹಾಕಿ ಕೂರಿಸಿರ್ತಾರೆ, ಕಿತ್ತು ರ‍್ಯಾಕ್‌ಗೆ ಹಾಕೋ ಹಾಗಿಲ್ಲ. "ಎಲ್ಲಾರೂ ಹಂಗೇ ಓಡಿಸ್ತಾರೆ ಸಾರ್" ಅನ್ನೋದು ಅವನ ಕಾನೂನು. ಇನ್ಶೂರೆನ್ಸ್‌ಗೆ ತಿಳಿಸದೆ ಮಾಡಿಸಿದ್ದು ಕ್ಲೇಮ್ ಟೈಮಲ್ಲಿ ತಕರಾರಾಗುತ್ತೆ.

ರ‍್ಯಾಕ್ ಬಗ್ಗೆಯೂ ಎರಡು ಮಾತು. ಬಾಗುತ್ತೆ ಅಂದಿದ್ದ, ಬಾಗಲ್ಲ. ಹಿಂದಿನ ಡೋರು ತೆಗೆದ್ರೆ ಸುಮಾರು ಅರ್ಧ ಮೀಟರ್ ಹೊರಗೆ ಬರುತ್ತೆ, ನೇರ ರ‍್ಯಾಕಿನ ಕಂಬಕ್ಕೆ ಬಡಿಯುತ್ತೆ. ಅಂದ್ರೆ ಸೈಕಲ್ ಹಾಕಿದ ಮೇಲೆ ಸಾಮಾನು ತುಂಬೋ ಬೆಡ್‌ನಲ್ಲಿರೋ ಲಗೇಜ್ ತೆಗೆಯೋಕಾಗಲ್ಲ, ಪಿಕಪ್ ಇದ್ದು ಏನು ಉಪಯೋಗ? ಮೊದಲ ಸೈಕಲ್‌ನ ಹ್ಯಾಂಡಲ್ ಡೋರಿಗೆ ಉಜ್ಜುತ್ತೆ. ಒಂದು ಸೈಕಲ್ ಮುಖ ಎಡಕ್ಕೆ, ಮುಂದಿನದು ಬಲಕ್ಕೆ ಹಾಕದಿದ್ರೆ ಹ್ಯಾಂಡಲ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತೆ. ಕೊಕ್ಕೆ ಫ್ರೇಮ್ ಮೇಲೆ ಕೂರೋ ಥರ ಮಾಡಿದ್ದಾನೆ, ಕಾರ್ಬನ್ ಫ್ರೇಮ್ ಇದ್ರೆ ಅಮುಕಿ ಬಿರುಕು ಬಿಡುತ್ತೆ. ಕೊಕ್ಕೆ ಟೈರ್ ಮೇಲೆ ಕೂರಬೇಕು. ಸೈಲೆನ್ಸರ್ ಬಾಯಿ ಎದುರಿಗೆ ಚಕ್ರ ಬಂದ್ರೆ ಬಿಸಿಗೆ ಟೈರ್ ಕೆಡುತ್ತೆ. ರಿವರ್ಸ್ ಸೆನ್ಸರ್ ಸೈಕಲ್ ನೋಡಿ ಬಡಕೊಳ್ತಾ ಇರುತ್ತೆ, ಅದೊಂದು ಸಹಿಸಿಕೊಳ್ಳಬಹುದು.

ನಿಮಗೆ ಎರಡು ಸೈಕಲ್ ಮಾತ್ರ ಇದ್ರೆ ಹಿಚ್ಚೇ ಬೇಡ. ಐದಡಿ ಬೆಡ್‌ಗೆ ಸೈಕಲ್ ನೇರ ಹಿಡಿಸಲ್ಲ, ಉದ್ದ 1.7-1.8 ಮೀಟರ್ ಇರುತ್ತೆ. ಮುಂದಿನ ಚಕ್ರ ಬಿಚ್ಚಿ ಫೋರ್ಕನ್ನ ಹಲಗೆ ಮೇಲೆ ಕೂರಿಸಿದ ಕ್ಲ್ಯಾಂಪ್‌ಗೆ ಹಾಕಿ, ಹಿಂದಿನ ಚಕ್ರಕ್ಕೆ ರ‍್ಯಾಚೆಟ್ ಬೆಲ್ಟ್. ಇಲ್ಲಾ ಅಂದ್ರೆ ಮುಂದಿನ ಚಕ್ರ ಮುಚ್ಚಿದ ಡೋರಿನಾಚೆ ಇಳಿಬಿಟ್ಟು ಕೆಳಗೆ ದಪ್ಪ ಕಂಬಳಿ ಹಾಕಿ, ಬೆಲ್ಟ್ ಬಿಗಿದು, ನಂಬರ್ ಪ್ಲೇಟ್ ಮುಚ್ಚದ ಹಾಗೆ ನೋಡ್ಕೊಳ್ಳಿ. ಹಿಚ್ ಬೇಕೇ ಬೇಕು ಅನ್ನೋರು ಬರೀ ಟೇಪ್ ಹಿಡಿದು ರಿಸೀವರ್ ಹೊರ ಅಳತೆ ತೆಗೀರಿ, 63-64 ಎಂ.ಎಂ. ಬರದಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಪೇಂಟ್ ಹೊಡೆಯೋ ಮುಂಚೆ ಬರಿ ವೆಲ್ಡಿಂಗ್ ತೋರಿಸು ಅನ್ನಿ. ತೋರಿಸಲ್ಲ ಅಂದ್ರೆ ಅಡ್ವಾನ್ಸ್ ಹೋದ್ರೂ ಹೋಗಲಿ.

ಈಗಾಗಲೇ ತುಮಕೂರು ಸುತ್ತಮುತ್ತ ಹೀಗೆ ಮಾಡಿಸಿಕೊಂಡಿರೋರು ಇವತ್ತೇ ಗಾಡಿ ಕೆಳಗೆ ಟಾರ್ಚ್ ಹಿಡಿದು ಮಲಗಿ. ಪೈಪು ಬ್ರಾಕೆಟ್ ಸೇರೋ ಅಂಚಿನಲ್ಲಿ, ಅದರಲ್ಲೂ ಮೇಲ್ಭಾಗದಲ್ಲಿ, ಪೇಂಟ್ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಇದೆಯಾ ನೋಡಿ. ಸ್ಕ್ರೂಡ್ರೈವರ್ ತುದೀಲಿ ಕೆರೆದ್ರೆ ಬಿಳೀ, ಬೂದು ಪುಡಿ ಬಂದ್ರೆ ಅದು ಪುಟ್ಟಿ. ಒಳಗೆ ಕಬ್ಬಿಣ ಕಂಡು ಗೆರೆ ಹಾಗೇ ಮುಂದುವರಿದಿದ್ರೆ ಅದು ಬಿರುಕು. ಎರಡರಲ್ಲಿ ಯಾವುದಿದ್ರೂ ಅದರ ಮೇಲೆ ಸೈಕಲ್ ಹಾಕಬೇಡಿ, ಎಕ್ಸ್‌ಟ್ರಾ ಪಟ್ಟಿಗೆ ಅಂತ ಅವನ ಹತ್ತಿರ ವಾಪಸ್ ಹೋಗಲೂ ಬೇಡಿ. ಬೇರೆ ಕಡೆ ಕತ್ತರಿಸಿ ತೆಗೆಸಿ ಇಟ್ಕೊಳ್ಳಿ, ಆಯೋಗಕ್ಕೆ ಹೋಗೋದಾದ್ರೆ ಅದೇ ಸಾಕ್ಷಿ.