ಸೂಪರ್‌ಚಾರ್ಜರ್ ಹಾಕಿಸುವವರೇ, ಬಿಚ್ಚಿದ ಬೋಲ್ಟ್ ಮತ್ತೆ ಹಾಕಿಸಬೇಡಿ

ಹೋದ ತಿಂಗಳು ತುಮಕೂರು ರಸ್ತೆಯಲ್ಲಿ, ದಾಬಸ್‌ಪೇಟೆ ದಾಟುತ್ತಿದ್ದಂತೆ ನನ್ನ ಕಾರಿನ ಇಂಜಿನ್ ಹೋಯಿತು. ಬಾನೆಟ್ ಒಳಗೆ ಕಟಕಟ ಅಂತ ಸದ್ದು ಬಂತು, ಅಷ್ಟೇ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಹಿಂದಿನಿಂದ ಲಾರಿಗಳು ನುಗ್ಗಿ ಬರುತ್ತಿದ್ದವು, ಪಕ್ಕದಲ್ಲಿ ಅಮ್ಮ ಕೂತಿದ್ದರು. ಆ ಹೆದರಿಕೆ ಇನ್ನೂ ಹೋಗಿಲ್ಲ.

ಇಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಪವರ್ ಹೆಚ್ಚಿಸುವ ಸೂಪರ್‌ಚಾರ್ಜರ್ ಕಿಟ್ ಹಾಕಿಸಿ ಮೂರು ವಾರ ಆಗಿತ್ತು. ಕಿಟ್‌ನಲ್ಲಿ ದೋಷ ಇರಲಿಲ್ಲ. ಕೈಕೊಟ್ಟಿದ್ದು ಕ್ರ್ಯಾಂಕ್ ಪುಲ್ಲಿಯ, ಅಂದರೆ ಇಂಜಿನ್‌ನ ಮುಖ್ಯ ಶಾಫ್ಟಿನ ತುದಿಯಲ್ಲಿರುವ ಬೆಲ್ಟ್ ಚಕ್ರದ, ಬೋಲ್ಟು.

ಇದೇ ಕೆಲಸ ಮಾಡುವ ಟರ್ಬೊ ಆದರೆ ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗುತ್ತದೆ. ಸೂಪರ್‌ಚಾರ್ಜರ್ ಹಾಗಲ್ಲ, ಬೆಲ್ಟ್ ಹಾಕಿ ಕ್ರ್ಯಾಂಕ್ ಪುಲ್ಲಿಯಿಂದಲೇ ಶಕ್ತಿ ಎಳೆದುಕೊಳ್ಳುತ್ತದೆ. ಎಸಿ, ಆಲ್ಟರ್ನೇಟರ್ ತಿರುಗಿಸಿಕೊಂಡಿದ್ದ ಪುಲ್ಲಿಗೆ ಈಗ ತುಂಬಾ ಜಾಸ್ತಿ ಲೋಡ್. ನನ್ನ ಇಂಜಿನ್‌ನಲ್ಲಿ ಆ ಪುಲ್ಲಿಗೆ ಕೀ, ಅಂದರೆ ಶಾಫ್ಟಿನ ಮೇಲೆ ಜಾರದಂತೆ ತಡೆಯುವ ಲೋಹದ ತುಂಡು, ಇಲ್ಲ. ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ನಡೆಸುವ, ಅದರ ಹಿಂದಿನ ಟೈಮಿಂಗ್ ಗಿಯರ್‌ಗೂ ಇಲ್ಲ. ಎರಡನ್ನೂ ಅದುಮಿ ಹಿಡಿದಿರುವುದು ಆ ಒಂದೇ ಬೋಲ್ಟು. ಬಿಗಿ ಮಾಡುವಾಗ ಅದು ಸ್ವಲ್ಪ ಹಿಗ್ಗುತ್ತದೆ, ಹಿಡಿತ ಬರುವುದೇ ಅದರಿಂದ. ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು ಅಂತ ಸರ್ವಿಸ್ ಮ್ಯಾನುಯಲ್‌ನಲ್ಲೇ ಇದೆ. ಮೊದಲು ಬಿಗಿ ಅಳೆಯುವ ಟಾರ್ಕ್ ವ್ರೆಂಚ್, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸುವುದು, ಇದು ಕ್ರಮ.

ಗ್ಯಾರೇಜಿನವರು, "ಥ್ರೆಡ್ ಚೆನ್ನಾಗೇ ಇದೆ ಸಾರ್, ಏನೂ ಆಗಲ್ಲ" ಅಂದರು. ಹಳೇ ಬೋಲ್ಟನ್ನೇ ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿದರು. ನಾನು ಅಲ್ಲೇ ನಿಂತಿದ್ದೆ. ಕೇಳಬೇಕಿತ್ತು, ಕೇಳಲಿಲ್ಲ.

ಗಿಯರ್ ಜಾರಿ ಟೈಮಿಂಗ್ ತಪ್ಪಿತು, ಪಿಸ್ಟನ್‌ಗಳು ತೆರೆದಿದ್ದ ವಾಲ್ವ್‌ಗಳಿಗೆ ಹೊಡೆದವು. ಹೆಡ್ ಬಿಚ್ಚಿಸಿದಾಗ ಎಂಟು ವಾಲ್ವ್ ಬಾಗಿದ್ದವು. ಈವರೆಗೆ 1,40,000 ರೂಪಾಯಿ ಹೋಗಿದೆ. ಜೆಸಿ ರಸ್ತೆಯಲ್ಲಿ ವಿಚಾರಿಸಿದರೆ ಹೊಸ ಬೋಲ್ಟಿಗೆ 600 ರೂಪಾಯಿಯೂ ಇಲ್ಲ. ಹೊಟ್ಟೆ ಉರಿಯುವುದು ಇದಕ್ಕೇ.

ಇನ್ಶೂರೆನ್ಸ್ ನಂಬಿಕೊಳ್ಳಬೇಡಿ. ಹೀಗೆ ಇಂಜಿನ್ ಕೆಟ್ಟು ನಿಂತರೆ ಮಾಮೂಲಿ ಪಾಲಿಸಿ ದುಡ್ಡು ಕೊಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವ ಹಾಗೂ ಇಲ್ಲ. ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಆದರೂ ಹಾಕಿಸುವುದಾದರೆ, ಇಂಜಿನ್ ಬಿಚ್ಚುವ ಮೊದಲೇ ಒಂದೇ ಸಲ ಬಳಸಬೇಕಾದ ಬೋಲ್ಟ್‌ಗಳ ಪಟ್ಟಿ ಮ್ಯಾನುಯಲ್ ನೋಡಿ ಬರೆದುಕೊಳ್ಳಿ. ಹೆಡ್ ತೆಗೆಯುವುದಿದ್ದರೆ ಹೆಡ್ ಬೋಲ್ಟ್‌ಗಳನ್ನೂ ನೋಡಿ. ಹೊಸದನ್ನು ನೀವೇ ತಂದು ಕೈಗೆ ಕೊಡಿ. ಕೀ ಇಲ್ಲದ ಪುಲ್ಲಿಯಾದರೆ ಜಾರದಂತೆ ಪಿನ್ ಹಾಕಿಸಬೇಕಾ ಅಂತ ಕಿಟ್ ಕೊಟ್ಟವರನ್ನು ಕೇಳಿ. ಮುಖ್ಯವಾಗಿ, ಬಿಚ್ಚಿದ ಹಳೇ ಬೋಲ್ಟ್‌ಗಳನ್ನು ಆಗಲೇ ಇಸಿದುಕೊಂಡು ಜೇಬಿಗೆ ಹಾಕಿಕೊಳ್ಳಿ.