ಚಿಪ್ ಉದ್ಯಮದ ಹೂಡಿಕೆ ಕ್ಲಾಸು: ಊಟದವರೆಗೆ ಚೆನ್ನಾಗಿತ್ತು

ದಾವಣಗೆರೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸ್ಟಾರ್ಟರ್, ಮೊಬೈಲಿನಿಂದ ಆನ್-ಆಫ್ ಮಾಡುವ ಬಾಕ್ಸು ಎಲ್ಲ ಮಾರುತ್ತೇನೆ. ಷೇರಿನ ವಿಷಯ ಅಷ್ಟಕ್ಕಷ್ಟೆ. ಹೋದ ಭಾನುವಾರ ಪಿ.ಬಿ. ರಸ್ತೆಯ ಒಂದು ಹಾಲ್‌ನಲ್ಲಿ, ಕರ್ನಾಟಕದ ಮೈಕ್ರೋಎಲೆಕ್ಟ್ರಾನಿಕ್ಸ್, ಅಂದರೆ ಚಿಪ್ಪು, ಸರ್ಕ್ಯೂಟ್ ಬೋರ್ಡಿನ ಉದ್ಯಮದಲ್ಲಿ ದುಡ್ಡು ಹಾಕಿದರೆ ಏನು ಲಾಭ ಅಂತ ಒಂದು ದಿನದ ಕ್ಲಾಸ್ ಇತ್ತು. ಫೀಸು 1,500 ರೂಪಾಯಿ, ಊಟ ಸೇರಿ. ನಡೆಸಿದವರ ಹೆಸರು ಬರೆಯುವುದಿಲ್ಲ.

ಸುಮಾರು 40 ಜನ ಇದ್ದರು. ಅರ್ಧ ಜನ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು.

ಬೆಳಗ್ಗೆ ಮಾತಾಡಿದವರು ಬೆಂಗಳೂರಿನ ಒಬ್ಬ ರಿಟೈರ್ಡ್ ಇಂಜಿನಿಯರ್. ಒಂದೇ ಕಸುಬಿನವರು ಒಂದೇ ಕಡೆ ಯಾಕೆ ಸೇರುತ್ತಾರೆ ಅಂತ ಕೇಳಿದರು. ನಾನು ಕೊಯಮತ್ತೂರಿನ ಕಥೆ ಹೇಳಿದೆ. ನನ್ನ ಬಾಕ್ಸುಗಳ ಒಳಗಿನ ಸರ್ಕ್ಯೂಟ್ ಬೋರ್ಡ್ ಬರೋದು ಅಲ್ಲಿಂದ. ಒಂದ್ಸಲ ಬಂದ 12 ಬೋರ್ಡಿನಲ್ಲೂ ರಿಲೇ, ಅಂದರೆ ಆನ್-ಆಫ್ ಮಾಡುವ ಸ್ವಿಚ್ಚು, ಕೆಟ್ಟಿತ್ತು. ಕೊರಿಯರ್ ಮಾಡಿ ವಾಪಸ್ ಬರುವಷ್ಟರಲ್ಲಿ ಒಂಬತ್ತು ದಿನ. ರೈತರ ಹತ್ತಿರ ಬೈಸಿಕೊಂಡಿದ್ದು ನಾನು. ಅದೇ ಕೊಯಮತ್ತೂರಿನ ಅಂಗಡಿಯವನಾಗಿದ್ದರೆ ಬೈಕಿನಲ್ಲಿ ಹೋಗಿ ಬದಲಾಯಿಸಿಕೊಂಡು ಬರುತ್ತಿದ್ದ. "ಅಷ್ಟೇ ರೀ, ಲಾಭ ಅಂದ್ರೆ ಇದೇ" ಅಂದರು. ಬಿಡಿಭಾಗ ಕೊಡುವವನು ಪಕ್ಕದಲ್ಲೇ ಇದ್ದರೆ ಗೋಡೌನ್ ತುಂಬಿಡಬೇಕಾಗಿಲ್ಲ, ದುಡ್ಡು ಬೇಗ ತಿರುಗುತ್ತದೆ. ಕಂಪನಿಯ ಲೆಕ್ಕದಲ್ಲಿ ಸರಕು ಎಷ್ಟು ದಿನ ಕೂತಿದೆ ಅಂತ ಮೊದಲು ನೋಡಿ ಅಂದರು. ನನಗೆ ಇಡೀ ದಿನದಲ್ಲಿ ದಕ್ಕಿದ್ದು ಈ ಒಂದು ಮಾತು.

ಆಮೇಲೆ ನಮ್ಮ ರಾಜ್ಯದ ಲೆಕ್ಕ. 1954ರಲ್ಲಿ ಸೈನ್ಯಕ್ಕೆ ಎಲೆಕ್ಟ್ರಾನಿಕ್ಸ್ ಮಾಡುವ ಸರ್ಕಾರಿ ಕಂಪನಿ ಬಿಇಎಲ್, 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದವು. ಹಾಗಾಗಿ ಚಿಪ್ ಡಿಸೈನ್ ಗೊತ್ತಿರುವ ಜನ ಅಲ್ಲಿ ಜಾಸ್ತಿ. ನಂಜನಗೂಡಿನಲ್ಲಿ ಎಟಿ ಅಂಡ್ ಎಸ್ ಅನ್ನುವ ಕಂಪನಿ ಬಿಡಿಭಾಗ ಕೂರಿಸದ ಖಾಲಿ ಬೋರ್ಡ್ ಮಾಡುತ್ತದೆ. ಅಂಥ ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುವ ಕೇನ್ಸ್ ಮೈಸೂರಿನದು. 1988ರಲ್ಲಿ ಶುರುವಾದ ಕಂಪನಿ, 2022ರ ನವೆಂಬರಿನಲ್ಲಿ 587 ರೂಪಾಯಿಗೆ ಷೇರು ಬಿಟ್ಟಿತು.

ಇಷ್ಟು ಹೊಗಳಿ, ಚಿಪ್ ಫ್ಯಾಕ್ಟರಿ ಮಾತ್ರ ಗುಜರಾತಿಗೆ ಹೋಯಿತು ಅಂತಲೂ ಹೇಳಿದರು. ಇದು ನನಗೆ ಹಿಡಿಸಿತು. ಟಾಟಾದವರ 91,000 ಕೋಟಿಯ ಫ್ಯಾಕ್ಟರಿ ಧೋಲೇರಾದಲ್ಲಿ. ಮೈಸೂರಿನ ಕೇನ್ಸ್ ಕೂಡ ಚಿಪ್ ಪ್ಯಾಕಿಂಗ್ ಘಟಕಕ್ಕೆ, ಅಂದರೆ ತಯಾರಾದ ಚಿಪ್ಪಿಗೆ ಕವಚ ಹಾಕುವ ಕೆಲಸಕ್ಕೆ, ಗುಜರಾತಿನ ಸಾನಂದವನ್ನೇ ಆರಿಸಿಕೊಂಡಿತು. ಕೇಂದ್ರ ಅರ್ಧ ಖರ್ಚು ಕೊಟ್ಟರೆ, ಅದರ ಮೇಲೆ ಗುಜರಾತ್ ಸರ್ಕಾರ ತನ್ನ ಪಾಲನ್ನೂ ಸೇರಿಸುತ್ತದೆ. ಚಿಪ್ ಫ್ಯಾಕ್ಟರಿಯಲ್ಲಿ ಕರೆಂಟು ಒಂದು ಕ್ಷಣ ಹೋದರೂ ಮಾಲು ಕೆಡುತ್ತದಂತೆ. "ನಮ್ಗೆ ತ್ರೀಫೇಸ್ ಬರೋದೇ ಏಳು ತಾಸು ಸಾಮಿ" ಅಂದ ಹಿಂದಿನಿಂದ ಒಬ್ಬ.

ಒಬ್ಬ ಹಿರಿಯರು ಎದ್ದು ನಿಂತರು. ಹಿಂದೆ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. "ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಎಲ್ಲ ಒಂದೇ ಕಸುಬು. ಮುಳುಗಿದಾಗ ಎಲ್ಲ ಒಟ್ಟಿಗೇ ಮುಳುಗಿದ್ವು." ಇಂಜಿನಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾರಿಗೆ, ಆಸ್ಪತ್ರೆ ಮಷಿನ್ನಿಗೆ, ಸೈನ್ಯಕ್ಕೆ ಬೇರೆ ಬೇರೆ ಗಿರಾಕಿಗಳಿರುವ ಕಂಪನಿ ನೋಡಿ, ಒಬ್ಬನೇ ಗಿರಾಕಿಯನ್ನು ನಂಬಿದ್ದರೆ ನೀವು ಹೇಳಿದ್ದೇ ಆಗುತ್ತದೆ ಅಂದರು.

ಊಟ ಪರವಾಗಿಲ್ಲ. ಮಿರ್ಚಿ ತಣ್ಣಗಾಗಿತ್ತು. ದಾವಣಗೆರೆಯಲ್ಲಿ ತಣ್ಣನೆ ಮಿರ್ಚಿ ಬಡಿಸೋದು ಅಂದರೆ!

ಮಧ್ಯಾಹ್ನ ಟೈ ಕಟ್ಟಿದ ಹುಡುಗನೊಬ್ಬ ಬಂದ. ನಕ್ಷೆಯಲ್ಲಿ ಚಳ್ಳಕೆರೆಗೆ ಕೆಂಪು ಚುಕ್ಕೆ ಇಟ್ಟು 'ಚಿಪ್ ಹಬ್' ಅಂದ. ನನ್ನ ಹೆಂಡತಿಯ ತವರು ನಾಯಕನಹಟ್ಟಿ. ಕುದಾಪುರದ ಆ ಉದ್ದ ಕಾಂಪೌಂಡ್ ನೋಡಿಕೊಂಡೇ ಓಡಾಡುತ್ತೇವೆ. ಆ ಕಡೆ ಜಾಗ ಕೊಟ್ಟಿರುವುದು ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಅಣು ಸಂಶೋಧನೆಯ ಬಾರ್ಕ್, ಇಸ್ರೋ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಗೆ. ಚಿಪ್ ಫ್ಯಾಕ್ಟರಿ ಎಲ್ಲಿಂದ ಬಂತಪ್ಪ? ಅಷ್ಟರಲ್ಲಿ ಫಾರಂ ಹಂಚಿದರು. ಇನ್ನೂ ಷೇರುಪೇಟೆಗೆ ಬರದ ಒಂದು ಕಂಪನಿಯ ಷೇರು, ಕಡಿಮೆ ಅಂದರೆ 50,000 ಹಾಕಬೇಕಂತೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯಲ್ಲಿ ನಿಮ್ಮ ನೋಂದಣಿ ನಂಬರ್ ಕೊಡಿ ಅಂದೆ. "ವಾಟ್ಸಾಪ್ ಮಾಡ್ತೀವಿ ಸರ್" ಅಂದ.

ಬೆಳಗಿನ ಭಾಗಕ್ಕೆ ಐದಕ್ಕೆ ನಾಲ್ಕು, ಮಧ್ಯಾಹ್ನದ್ದಕ್ಕೆ ಸೊನ್ನೆ. ಪಕ್ಕದ ಅಡಿಕೆ ಬೆಳೆಗಾರರು ಆಗಲೇ ಫಾರಂನಲ್ಲಿ ಹೆಸರು ಬರೆದಿದ್ದರು. "ಯಜಮಾನ್ರೇ, ನಂಬರ್ ಬರೋವರೆಗೆ ತಡೀರಿ" ಅಂದೆ. ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗಿಟ್ಟುಕೊಂಡರು. ಇವತ್ತು ಗುರುವಾರ. "ನಂಬರ್ ಬಂತಾ?" ಅಂತ ಬೆಳಗ್ಗೆ ಅವರೇ ಫೋನ್ ಮಾಡಿದ್ದರು. ಇನ್ನೂ ಬಂದಿಲ್ಲ.