ರದ್ದಾದ ಆರ್ಡರ್, ಆಮೇಲೆ ಹಾಕಿಸಿದ ಲೆವೆಲಿಂಗ್ ಜ್ಯಾಕ್

ಆರ್‌ವಿ, ಅಂದರೆ ಒಳಗೇ ಉಂಡು ಮಲಗಿ ಊರೂರು ಸುತ್ತುವ ಮನೆಗಾಡಿ, ಕೊಳ್ಳಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಲೆವೆಲಿಂಗ್ ಜ್ಯಾಕ್ (ನಿಂತ ಗಾಡಿಯನ್ನು ಎತ್ತಿ ಮಟ್ಟ ಮಾಡುವ ಕಾಲುಗಳು) ಕಾರ್ಖಾನೆಯಿಂದಲೇ ಬರಲಿ ಅಂತ ತಿಂಗಳುಗಟ್ಟಲೆ ಕಾಯಬೇಡಿ. ಮಂಚ ಎಲ್ಲಿರಬೇಕು, ಬಚ್ಚಲಿಗೆ ಎಷ್ಟು ಜಾಗ, ಷಾಸಿ (ಎಂಜಿನ್, ಚಕ್ರ ಸಮೇತ ಇರುವ ಗಾಡಿಯ ತಳಕಟ್ಟು) ಎಷ್ಟು ಭಾರ ಹೊರುತ್ತದೆ, ಇವನ್ನು ಆಮೇಲೆ ಬದಲಿಸಲಾಗುವುದಿಲ್ಲ. ಜ್ಯಾಕನ್ನು ಆಮೇಲೂ ಹಾಕಿಸಬಹುದು. ನಾವು ಹಾಗೇ ಹಾಕಿಸಿಕೊಂಡೆವು, ಅದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿದೆ.

ನಮ್ಮದು ಫೋರ್ಡ್ ಇ-450 ಷಾಸಿ ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ವ್ಯಾನಿನ ಮುಂಭಾಗ ಹಾಗೇ ಉಳಿಸಿ ಹಿಂದೆ ಮನೆ ಕಟ್ಟಿದ ಗಾಡಿ. 2021ರಲ್ಲಿ ಒಬ್ಬ ಡೀಲರ್ ಹತ್ತಿರ ಇಂಥದೇ ಗಾಡಿಗೆ, ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಜ್ಯಾಕ್ ಸಮೇತ, ಆರ್ಡರ್ ಕೊಟ್ಟಿದ್ದೆವು. ಆ ವರ್ಷ ಅಮೆರಿಕದಲ್ಲಿ ಆರ್‌ವಿ ಮಾರಾಟದ ಭರಾಟೆ ಹೇಳತೀರದು. ಕಾರ್ಖಾನೆಗಳಿಂದ ಸುಮಾರು 6 ಲಕ್ಷ ಗಾಡಿ ಹೊರಬಿದ್ದವು, ಅದಕ್ಕೂ ಮೊದಲು ಯಾವ ವರ್ಷವೂ ಅಷ್ಟು ಬಂದಿರಲಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಬೇರೆ ವಾಹನಕ್ಕೆ ಕಟ್ಟಿ ಎಳೆಯುವ ಟ್ರೇಲರ್‌ಗಳು. ಎಂಜಿನ್ ಇರುವ ಆರ್‌ವಿ ಕಟ್ಟಬೇಕಾದರೆ ವಾಹನ ಕಂಪನಿಯಿಂದ ಷಾಸಿ ಬರಬೇಕು. ಷಾಸಿಗೆ ಚಿಪ್ ಬೇಕು, ಚಿಪ್‌ಗೆ ಆಗ ಜಗತ್ತಿನಲ್ಲೆಲ್ಲ ಬರ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅನ್ನುತ್ತಲೇ ಇದ್ದ ಡೀಲರ್ ಕಡೆಗೊಂದು ದಿನ ಫೋನ್ ಮಾಡಿ, ಈ ಮಾಡೆಲ್ ವರ್ಷದ ಬಾಕಿ ಆರ್ಡರ್‌ಗಳನ್ನೆಲ್ಲ ಕಾರ್ಖಾನೆ ರದ್ದು ಮಾಡಿದೆ, ಮುಂದಿನ ವರ್ಷದ ಬೆಲೆಗೆ ಹೊಸದಾಗಿ ಬರೆಸಿ, ನಿಮ್ಮ ಡೆಪಾಸಿಟನ್ನು ಅದಕ್ಕೇ ವರ್ಗಾಯಿಸುತ್ತೇವೆ ಅಂದರು.

ವರ್ಗಾವಣೆ ಬೇಡ, ಹಣ ವಾಪಸ್ ಕೊಡಿ ಅಂದೆ. ಹಾಗೆ ಕೇಳಲು ಧೈರ್ಯ ಬಂದದ್ದು ಆರ್ಡರ್ ಪತ್ರದ ಒಂದು ಸಾಲಿನಿಂದ: ಮಾರುವವರು ಗಾಡಿ ಒದಗಿಸಲಾಗದಿದ್ದರೆ ಡೆಪಾಸಿಟ್ ಪೂರ್ತಿ ಮರಳಿಸತಕ್ಕದ್ದು. ಸಹಿ ಹಾಕುವ ಮೊದಲೇ ಅದನ್ನು ಬರೆಸಿಕೊಂಡಿದ್ದೆ. ನೀವೂ ಬರೆಸಿಕೊಳ್ಳಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದೇನಲ್ಲ, ಬ್ಯಾಂಕು ನೋಡಿಕೊಳ್ಳುತ್ತೆ ಅಂತ ಕೂರಬೇಡಿ. ಅಮೆರಿಕದ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್ ಪ್ರಕಾರ, ಆ ಮೊತ್ತವಿರುವ ಮೊದಲ ಬಿಲ್ ಕಳಿಸಿದ 60 ದಿನದೊಳಗೆ ತಕರಾರು ಬರವಣಿಗೆಯಲ್ಲಿ ಕಾರ್ಡ್ ಕಂಪನಿಗೆ ಮುಟ್ಟಬೇಕು. ಕಾರ್ಖಾನೆಯ ಆರ್ಡರ್ ರದ್ದಾಗುವ ಹೊತ್ತಿಗೆ ಆ ಗಡುವು ಎಂದೋ ಕಳೆದಿರುತ್ತದೆ. ಡೀಲರ್ ಸುಲಭಕ್ಕೆ ಒಪ್ಪಲಿಲ್ಲ. ಮಾತೆಲ್ಲ ಇಮೇಲ್‌ನಲ್ಲೇ ಆಗಲಿ ಅಂತ ಪಟ್ಟು ಹಿಡಿದೆ, ಕೊನೆಗೆ ದುಡ್ಡು ಬಂತು. ವಾಹನ ಕಂಪನಿಯ ಕೊರತೆಗೆ ಡೀಲರ್ ಹೊಣೆಯಲ್ಲ, ಒಪ್ಪುತ್ತೇನೆ. ಆದರೆ ಗಿರಾಕಿಯ ಹಣವನ್ನು ಕೇಳದೆ ಮುಂದಿನ ವರ್ಷಕ್ಕೆ ತಳ್ಳುವುದು ತಪ್ಪು.

ಆಮೇಲೆ ಬೇರೊಂದು ಅಂಗಡಿಯಲ್ಲಿ ನಿಂತಿದ್ದ ಗಾಡಿಯನ್ನೇ ತೆಗೆದುಕೊಂಡೆವು. ಅದೇ ಷಾಸಿ, ನಮಗೆ ಒಗ್ಗುವ ಒಳವಿನ್ಯಾಸ, ಒಂದು ಸ್ಲೈಡ್-ಔಟ್ (ನಿಂತಾಗ ಜಾಗ ಹೆಚ್ಚಿಸಲು ಹೊರಗೆ ಸರಿಯುವ ಗೋಡೆಭಾಗ). ಜ್ಯಾಕ್ ಮಾತ್ರ ಇರಲಿಲ್ಲ.

ಜ್ಯಾಕ್ ಯಾಕೆ ಅಷ್ಟು ಬೇಕು ಅಂತ ಅಂಗಡಿಯವರೇ ಕೇಳಿದರು. ನಮ್ಮ ಜೊತೆ ಅಮ್ಮ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಆಗಾಗ ತಲೆಸುತ್ತು. ನೆಲ ಸ್ವಲ್ಪ ಓರೆಯಾದರೂ ರಾತ್ರಿ ಎದ್ದು ಬಚ್ಚಲಿಗೆ ಹೋಗಲು ಹೆದರುತ್ತಾರೆ. ಉಳಿದವರಿಗೂ ಓರೆ ಹಿತವಲ್ಲ: ಬಾಣಲೆಯಲ್ಲಿ ಎಣ್ಣೆ ಒಂದೇ ಕಡೆ ಸೇರುತ್ತದೆ, ಕಪಾಟಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಸ್ನಾನದ ನೀರು ಮೂಲೆಯಲ್ಲಿ ನಿಲ್ಲುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಫ್ರಿಜ್. ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಕಾಯಿಸಿದ ಅಮೋನಿಯಾ ದ್ರಾವಣ ಕೊಳವೆಗಳಲ್ಲಿ ತನ್ನ ಭಾರದಿಂದಲೇ ಇಳಿದು ಬಾಯ್ಲರಿಗೆ ಮರಳಬೇಕು. ಗಾಡಿ ಓರೆಯಾಗಿ ನಿಂತರೆ ದ್ರಾವಣ ನಡುವೆಯೇ ನಿಂತು, ಬಾಯ್ಲರ್ ಅತಿಯಾಗಿ ಕಾದು, ತುಕ್ಕು ತಡೆಯಲು ಹಾಕಿದ ಲವಣ ಒಳಗೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಾಗಾದರೆ ಆ ಘಟಕ ಮತ್ತೆ ಸರಿಹೋಗದು. ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದುಮುಂದಕ್ಕೆ 6 ಡಿಗ್ರಿ ಅನ್ನುವುದು ಸಾಮಾನ್ಯವಾಗಿ ಹೇಳುವ ಮಿತಿ. 3 ಡಿಗ್ರಿ ಅಂದರೆ ಒಂದು ಮೀಟರಿಗೆ ಐದು ಸೆಂಟಿಮೀಟರ್ ಇಳಿಜಾರು, ಅಷ್ಟೇ. ಈಗಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗೆ ಈ ಕಾಟ ಇಲ್ಲ.

ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಬ್ಲಾಕ್‌ಗಳು ಅಗ್ಗ, ಒಳ್ಳೆಯವೂ ಹೌದು. ಕೆಲಕಾಲ ಅವನ್ನೇ ಬಳಸಿದೆವು. ಹಿಂದಿನ ಜೋಡಿ ಟೈರುಗಳಲ್ಲಿ ಎರಡೂ ಬ್ಲಾಕ್ ಮೇಲೆ ಪೂರ್ತಿ ಕೂರಬೇಕು, ಒಂದರ ಮೇಲೇ ಭಾರ ಬೀಳಬಾರದು. ಮಳೆಯಲ್ಲಿ, ಕತ್ತಲಲ್ಲಿ, ಗಾಡಿಯನ್ನು ಹಿಂದೆ ಮುಂದೆ ಮಾಡುತ್ತಾ ಅದನ್ನು ಹೊಂದಿಸುವುದು ದಣಿದ ಮೈಗೆ ಸಾಕುಸಾಕಾಗುತ್ತದೆ.

ಜ್ಯಾಕ್ ತಯಾರಿಸುವವರಲ್ಲಿ ಲಿಪರ್ಟ್, ಎಚ್‌ಡಬ್ಲ್ಯುಎಚ್, ಈಕ್ವಲೈಜರ್, ಬಿಗ್‌ಫುಟ್ ಹೆಸರು ಹೆಚ್ಚು ಕೇಳಿಬರುತ್ತದೆ. ನಾವು ಹಾಕಿಸಿದ್ದು ನಾಲ್ಕು ಕಾಲಿನ ಹೈಡ್ರಾಲಿಕ್, ತಾನೇ ಮಟ್ಟ ಹಿಡಿಯುವಂಥದ್ದು. ಕೂಲಿಯೂ ಸೇರಿ 6,000 ಡಾಲರ್ ದಾಟಿತು. ಬ್ರ್ಯಾಂಡಿಗಿಂತ ಅಳವಡಿಸುವ ಕೈ ಮುಖ್ಯ ಅಂತ ಈಗ ಗಟ್ಟಿಯಾಗಿ ಹೇಳಬಲ್ಲೆ. ನಮಗೆ ಸಿಕ್ಕ ವರ್ಕ್‌ಶಾಪ್ ಕೆಲಸ ಒಪ್ಪಿಕೊಳ್ಳುವ ಮೊದಲೇ ಗಾಡಿಯನ್ನು ಲಾರಿ ತೂಗುವ ಕ್ಯಾಟ್ ಸ್ಕೇಲ್‌ಗೆ ಕಳಿಸಿತು, ಅದೂ ನೀರು, ಇಂಧನ, ಸಾಮಾನು, ಜನ ಎಲ್ಲ ತುಂಬಿಸಿ. ಇ-450ಯ ಒಟ್ಟು ಮಿತಿ 14,500 ಪೌಂಡ್. ಒಂದು ಗ್ಯಾಲನ್ ನೀರೇ 8.3 ಪೌಂಡ್. ಜ್ಯಾಕು, ಪಂಪು, ಬ್ರ್ಯಾಕೆಟ್ಟು ಎಲ್ಲ ಆ ಮಿತಿಯೊಳಗೇ ಬರಬೇಕು. ತೂಗದೆ ಹಾಕಿಕೊಡುತ್ತೇವೆ ಅಂದ ಮತ್ತೊಂದು ಕಡೆಗೆ ನಾನು ಮತ್ತೆ ಹೋಗಲಿಲ್ಲ.

ಅವರು ಫ್ರೇಮಿನ ಮೇಲಂಚು, ಕೆಳಂಚುಗಳಿಗೆ ತೂತು ಹಾಕಲಿಲ್ಲ. ಬಾಗುವ ಒತ್ತಡವೆಲ್ಲ ಬೀಳುವುದು ಅಲ್ಲೇ. ಬ್ರ್ಯಾಕೆಟ್ಟನ್ನು ಆ ಎರಡು ಅಂಚುಗಳ ನಡುವಿನ ನೆಟ್ಟನೆ ಭಾಗಕ್ಕೆ ಬೋಲ್ಟ್ ಹಾಕಿ ಕೂರಿಸಿದರು. ಹೈಡ್ರಾಲಿಕ್ ಪೈಪನ್ನು ಸೈಲೆನ್ಸರ್ ಬಿಸಿಯಿಂದ ದೂರ ಎಳೆದು, ಉಜ್ಜುವ ಕಡೆ ಹೊದಿಕೆ ಹಾಕಿದ್ದರು. ಪಂಪಿಗೆ ಬ್ಯಾಟರಿಯಿಂದ ದಪ್ಪ ತಂತಿ, ಬ್ಯಾಟರಿ ಪಕ್ಕದಲ್ಲೇ ಬ್ರೇಕರ್. ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ಒಂದೊಂದನ್ನೂ ನೋಡಿದೆ, ಮನಸ್ಸು ತುಂಬಿತು. ಹೊರಗಿನ ಜ್ಯಾಕ್ ಹಾಕಿಸಿದರೆ ವಾರಂಟಿ ಹೋಗುತ್ತದೆ ಅಂತ ಮಾರಾಟಗಾರರು ಹೆದರಿಸುವುದುಂಟು. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇರುವಾಗ ಅಷ್ಟಕ್ಕೇ ವಾರಂಟಿ ರದ್ದಾಗುವುದಿಲ್ಲ. ಕೆಟ್ಟದ್ದು ಆ ಜ್ಯಾಕಿನಿಂದಲೇ ಆಗಿದ್ದರೆ ಆ ರಿಪೇರಿಯ ಮಾತು ಬೇರೆ.

ಕಡೆಯ ಕೆಲಸ ಸೊನ್ನೆ ಹೊಂದಿಸುವುದು. ಕಂಟ್ರೋಲರಿಗೆ ಮಟ್ಟ ಅಂದರೆ ಯಾವುದು ಅಂತ ನಾವೇ ಕಲಿಸಬೇಕು. ಮೆಕ್ಯಾನಿಕ್ ಫ್ರೀಜರಿನ ಒಳತಳದಲ್ಲೂ ಗಾಡಿಯ ನೆಲದಲ್ಲೂ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವವರೆಗೂ ಒಂದೊಂದೇ ಜ್ಯಾಕ್ ಆಡಿಸಿ, ಆಮೇಲೆ ಅದನ್ನು ನೆನಪಿಗೆ ಹಾಕಿದ. ಇಲ್ಲಿ ಅವಸರ ಮಾಡಿದರೆ ಯಂತ್ರ ಪ್ರತಿ ಸಲವೂ ತಪ್ಪು ಮಟ್ಟವನ್ನೇ ಸರಿಯಾಗಿ ಹಿಡಿಯುತ್ತದೆ.

ಈಗ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸುವ ಸೈಟಿಗೆ ಹೋದ ಕೂಡಲೇ ಪಾರ್ಕಿಂಗ್ ಬ್ರೇಕ್ ಹಾಕಿ ಬಟನ್ ಒತ್ತುತ್ತೇನೆ. ಗಾಡಿ ಮಟ್ಟಕ್ಕೆ ಬಂದಮೇಲೆ ಸ್ಲೈಡ್-ಔಟ್ ಹೊರಗೆ. ಅಮ್ಮ ಒಲೆಯ ಹತ್ತಿರ ಏನನ್ನೂ ಹಿಡಿಯದೆ ನಿಲ್ಲುತ್ತಾರೆ. ಯಾರಾದರೂ ಓಡಾಡಿದರೆ ಗಾಡಿ ತೂಗಾಡುತ್ತಿತ್ತಲ್ಲ, ಅದೂ ಬಹಳ ಕಡಿಮೆಯಾಗಿದೆ.

ತೊಡಕುಗಳಿಲ್ಲ ಅಂತಲ್ಲ. ಹಿಂದಿನ ಜ್ಯಾಕುಗಳು ತಗ್ಗಾಗಿ ನೇತಾಡುವುದರಿಂದ ಕಡಿದಾದ ಇಳಿಜಾರಿನಿಂದ ರಸ್ತೆಗೆ ಇಳಿಯುವಾಗ ನಿಧಾನಿಸಬೇಕು. ಮೆತ್ತನೆ ಮಣ್ಣಿನಲ್ಲಿ ಪಾದಗಳು ಹೂತುಹೋಗುತ್ತವೆ, ಅಗಲ ಹಲಗೆ ಜೊತೆಗಿರಬೇಕು. ತೀರಾ ಇಳಿಜಾರಿನ ಸೈಟನ್ನು ಯಾವ ಜ್ಯಾಕೂ ಸರಿಮಾಡದು. ಅಲ್ಲಿ ಹಟ ಮಾಡಿ ಹಿಂದಿನ ಚಕ್ರ ನೆಲ ಬಿಡುವಷ್ಟು ಎತ್ತಿಸುವುದು ಪ್ರಾಣಕ್ಕೆ ಅಪಾಯ. ಈ ಗಾಡಿಯ ಪಾರ್ಕಿಂಗ್ ಬ್ರೇಕೂ ಗೇರಿನ ಪಾರ್ಕೂ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವು ಗಾಳಿಯಲ್ಲಿದ್ದರೆ ಇಡೀ ಗಾಡಿ ಜ್ಯಾಕಿನಿಂದ ಜಾರಿ ಉರುಳಬಹುದು. ಸೈಟ್ ಬದಲಿಸಿಕೊಡಿ ಅಂತ ಆಫೀಸಿನಲ್ಲಿ ಕೇಳುವುದೇ ಮೇಲು.

ಟ್ರೇಲರ್ ಇರುವವರು ಮೂಲೆಗಳಲ್ಲಿರುವ ಕತ್ತರಿ ಜ್ಯಾಕುಗಳನ್ನೇ ಎತ್ತಲು ಬಳಸಬೇಡಿ. ಅವು ಅಲುಗಾಟ ತಡೆಯಲು ಕೊಟ್ಟವು, ಭಾರ ಎತ್ತಿದರೆ ಫ್ರೇಮ್ ತಿರುಚಿಕೊಳ್ಳುತ್ತದೆ. ಟ್ರೇಲರಿಗೇ ಅಂತ ಎಲೆಕ್ಟ್ರಿಕ್ ಲೆವೆಲಿಂಗ್ ಬೇರೆ ಬರುತ್ತದೆ.

ಹಾಕಿಸಿದ ಮೇಲೆ ಸ್ವಲ್ಪ ದೂರ ಓಡಿಸಿ, ವಾಪಸ್ ಹೋಗಿ ಬೋಲ್ಟುಗಳ ಬಿಗಿತ ನೋಡಿಸಿ. ಕರೆಂಟ್ ಕೈಕೊಟ್ಟಾಗ ಜ್ಯಾಕನ್ನು ಕೈಯಿಂದ ಮೇಲೆತ್ತುವ ಬಗೆಯನ್ನು ಅಲ್ಲೇ ನಿಮ್ಮ ಕೈಯಲ್ಲಿ ಮಾಡಿಸಲು ಹೇಳಿ. ನಮ್ಮ ಮೆಕ್ಯಾನಿಕ್ ನನ್ನಿಂದಲೂ ನನ್ನ ಹೆಂಡತಿಯಿಂದಲೂ ಮಾಡಿಸಿಯೇ ಬೀಗದ ಕೈ ಕೊಟ್ಟ. ಪಂಪಿನ ಟ್ಯಾಂಕಿನಲ್ಲಿ ಹೈಡ್ರಾಲಿಕ್ ಎಣ್ಣೆಯ ಮಟ್ಟ ನೋಡುವಾಗ ನಾಲ್ಕೂ ಜ್ಯಾಕ್ ಪೂರ್ತಿ ಮೇಲಿರಬೇಕು. ಕೆಳಗಿರುವಾಗ ನೋಡಿ ಟ್ಯಾಂಕ್ ತುಂಬಿಸಿದರೆ, ಮೇಲೆತ್ತಿದಾಗ ಅಷ್ಟೂ ಎಣ್ಣೆ ಹೊರಗೆ ಚೆಲ್ಲುತ್ತದೆ.